ಜೋನಿಬೆಲ್ಲದ ಹರಳು, ಬಾಲದ ಹುಡಿ

2024ರ ಅಕ್ಟೋಬರ್ 15. ಶಿರಸಿಯಲ್ಲಿ ಮೂರು ಸಂಜೆ ಬರೀ ಮೋಡ ನೋಡಿ ಬೇಸತ್ತು, ಸೋದರಮಾವನ ಬೈಕ್ ಹತ್ತಿ ದೇವಿಮನೆ ಘಟ್ಟ ಇಳಿದು ಕುಮಟಾದ ಕಡಲದಂಡೆಗೆ ಹೋಗಿದ್ದೆ. ಅಲ್ಲೂ ಮೋಡವೇ. ಹೊತ್ತು ಮುಳುಗಿ ಮುಕ್ಕಾಲು ಗಂಟೆ ಕಳೆದ ಮೇಲೆ, ಶುಕ್ರನ ಬಲಕ್ಕೆ ತುಸು ಎತ್ತರದಲ್ಲಿ ಅಂಗೈಯಗಲ ಆಕಾಶ ಬಿಟ್ಟುಕೊಟ್ಟಿತು. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು! ಬೈನಾಕ್ಯುಲರ್ ಮಾವನ ಕೈಗೆ ಕೊಟ್ಟೆ.

"ತಮಾ, ಇದೆಂತದೋ, ಬೂದಿ ಬಳದ ಹಾಂಗೆ ಕಾಣ್ತಲೋ."

ಬೂದಿಯಲ್ಲ, ಸೂರ್ಯನಿಂದ ದೂರ, ಥಂಡಿಯಲ್ಲಿ ಹುಟ್ಟಿದ ಹಿಮದುಂಡೆಯಿಂದ ಹಾರಿದ ಕಲ್ಲಿನ ಹುಡಿ ಎಂದೆ. ಬಿಸಿಲಿಗೆ ಕಾದ ಆ ಹುಡಿ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಸೂಸುತ್ತದೆ. ಅದನ್ನು ತರಂಗಾಂತರಗಳಾಗಿ ಬಿಡಿಸಿ ಗೆರೆ ಎಳೆದರೆ 10 ಮೈಕ್ರಾನಿನ (ಮಿಲಿಮೀಟರಿನ ಸಾವಿರದ ಒಂದು ಪಾಲೇ ಮೈಕ್ರಾನ್) ಸುತ್ತ ಸಿಲಿಕೇಟಿನ, ಅಂದರೆ ಕಲ್ಲಿನ ಖನಿಜಗಳ, ದಿಬ್ಬ ಏಳುತ್ತದೆ. ದಿಬ್ಬ ನುಣ್ಣಗೆ ಅಗಲವಾಗಿದ್ದರೆ ಹುಡಿಯೊಳಗೆ ಪರಮಾಣುಗಳಿಗೆ ಸಾಲಿಲ್ಲ, ಶಿಸ್ತಿಲ್ಲ. 11.2ರ ಹತ್ತಿರ ಚೂಪು ಮೂಗು ಎದ್ದರೆ ಹರಳುಗಟ್ಟಿದ ಆಲಿವೀನ್ ಎಂಬ ಸಿಲಿಕೇಟ್ ಖನಿಜ ಇದೆ ಎಂದರ್ಥ. 1986ರಲ್ಲಿ ಹ್ಯಾಲಿ ಧೂಮಕೇತುವಿನಲ್ಲೂ ಆಮೇಲೆ ಹೇಲ್-ಬಾಪ್‌ನಲ್ಲೂ ಆ ಮೂಗು ಕಂಡಿತ್ತು. ಮಾವನಿಗೆ ಜೋನಿಬೆಲ್ಲದ ಉಪಮೆ ಕೊಟ್ಟೆ: ಮೇಲಿನದು ನುಣುಪು, ಡಬ್ಬದ ತಳದ್ದು ನಾಲಿಗೆಗೆ ಹರಳು ಹರಳು.

ಉಪಮೆ ಅಲ್ಲೇ ಕೈಕೊಟ್ಟಿತು. ಬೆಲ್ಲ ಸುಮ್ಮನೆ ಕೂತೇ ಹರಳಾಗುತ್ತದೆ, ಈ ಕಲ್ಲಿಗೆ ಸುಮಾರು 700 ಡಿಗ್ರಿ ಕಾವು ಬೇಕು.

"ಥಂಡೀಲಿ ಹುಟ್ಟಿದ್ದು ಹೇಳಿ ನೀನೇ ಹೇಳ್ದೆ. ಮತ್ತೆ ಒಲೆ ಎಲ್ಲಿತ್ತು?"

ಆ ಪ್ರಶ್ನೆ ನನ್ನ ಎಮ್ಮೆಸ್ಸಿ ವೈವಾದಲ್ಲೂ ಬಂದಿರಲಿಲ್ಲ. ಒಲೆ ಸೂರ್ಯನ ಹತ್ತಿರವಿತ್ತು, ಅಲ್ಲಿ ಬೆಂದ ಹುಡಿ ಹೇಗೋ ಹೊರಗಿನ ಹಿಮದವರೆಗೆ ಸಾಗಿರಬೇಕು ಎಂದೆ. 'ಸ್ಟಾರ್‌ಡಸ್ಟ್' ನೌಕೆ ವಿಲ್ಟ್-2 ಧೂಮಕೇತುವಿನ ಹುಡಿಯನ್ನು 2006ರಲ್ಲಿ ಭೂಮಿಗೆ ತಂದಾಗ ಅದರಲ್ಲಿ ಬಿಸಿಯಲ್ಲಿ ಹುಟ್ಟಿದ ಖನಿಜಗಳೇ ಸಿಕ್ಕವು. ಆ 'ಹೇಗೋ' ಇದೆಯಲ್ಲ, ಅದರ ಮೇಲೆ ಇನ್ನೂ ವಾದ ನಡೆಯುತ್ತಿದೆ.

ಇಷ್ಟೆಲ್ಲ ಹೇಳುವ ನಾನೇನು ಪಂಡಿತನಲ್ಲ. ಪ್ರಾಜೆಕ್ಟಿನಲ್ಲಿ ನೆಲದ ದೂರದರ್ಶಕದಿಂದ ತೆಗೆದ ಹಳೆಯ ಧೂಮಕೇತುವೊಂದರ ಫೈಲ್ ಕೊಟ್ಟಿದ್ದರು. ಗೆರೆಯಲ್ಲಿ ಎರಡು ದಿಬ್ಬ, ನಡುವೆ 9.6ರಲ್ಲಿ ಒಂದು ಹಳ್ಳ. ಹೊಸ ಖನಿಜವೇ ಸಿಕ್ಕಿತೆಂದು ಒಂದು ವಾರ ನೆಲದ ಮೇಲೆ ನಡೆಯಲಿಲ್ಲ. ಗೈಡ್ ಗೆರೆ ನೋಡಿ, "ಧೂಮಕೇತು ನೋಡಿದ್ಯೋ, ನಮ್ಮ ಓಝೋನ್ ನೋಡಿದ್ಯೋ?" ಎಂದು ಕೇಳಿದರು. ಗಾಳಿಯ ಪಾಲು ಕಳೆಯಲು ಹೋಲಿಕೆಗೆ ಹಿಡಿದ ನಕ್ಷತ್ರ ನೆತ್ತಿಯ ಹತ್ತಿರವಿತ್ತು, ಧೂಮಕೇತು ದಿಗಂತದ ಬಳಿ. ಅದರ ಬೆಳಕು ಹೆಚ್ಚು ಗಾಳಿ ಹಾದು ಬಂದಿತ್ತು. ಲೆಕ್ಕದಲ್ಲಿ ನಾನು ಕಳೆಯದೆ ಬಿಟ್ಟ ಗಾಳಿಯ ಓಝೋನೇ 9.6ರ ಬೆಳಕು ಹೀರಿ ಹಳ್ಳವಾಗಿ ಕೂತಿತ್ತು. ಸೂರ್ಯನ ಮಗ್ಗುಲಲ್ಲಿ ಸುಳಿದಾಡುವ ಧೂಮಕೇತುಗಳ ಕತೆಯೇ ಇಷ್ಟು, ಕೆಳಗೇ ಸಿಕ್ಕುತ್ತವೆ.

ಈ ಕತೆ ಮುಗಿಸುವುದರೊಳಗೆ ಕಡಲ ಕಡೆಯಿಂದ ಮೋಡ ಮತ್ತೆ ಮುಚ್ಚಿತು. ಬೆನ್ನ ಹಿಂದೆ ಹುಣ್ಣಿಮೆಗೆ ಎರಡು ದಿನವಿದ್ದ ಚಂದ್ರ ಬೇರೆ. ಮಾವ ಬೈನಾಕ್ಯುಲರ್ ಇಳಿಸಿ ಆ ಕಪ್ಪು ರಾಶಿಯತ್ತ ಗಲ್ಲ ಎತ್ತಿದ.

"ಇದೂ ಓಝೋನೇಯನೋ?"