ಸ್ನಿಮಾತ್: ತೆಗೆಯುವುದೋ, ಹಿಡಿಯುವುದೋ?

ರಷ್ಯನ್ನಿನಿಂದ ಇಂಗ್ಲಿಷಿಗೆ ಅನುವಾದ ಮಾಡುವಾಗ ನನ್ನನ್ನು ಹೆಚ್ಚು ತಡೆದು ನಿಲ್ಲಿಸುವ ಕ್ರಿಯಾಪದ ‘ಸ್ನಿಮಾತ್’. ಕೋಟು ಕಳಚುವುದಕ್ಕೂ, ಫೋಟೊ ತೆಗೆಯುವುದಕ್ಕೂ, ಬ್ಯಾಂಕಿನಿಂದ ಹಣ ತೆಗೆಯುವುದಕ್ಕೂ, ಮನೆಯನ್ನು ಬಾಡಿಗೆಗೆ ಹಿಡಿಯುವುದಕ್ಕೂ ರಷ್ಯನ್ನರು ಇದೊಂದನ್ನೇ ಬಳಸುತ್ತಾರೆ. ಆದ್ದರಿಂದ ನಿಘಂಟು ತೆರೆಯುವ ಮೊದಲು ವಾಕ್ಯದ ಕರ್ಮಪದವನ್ನು ನೋಡಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ. ಕಲಬುರಗಿಯ ನಮ್ಮ ಮನೆಯಲ್ಲಿ ಅವ್ವ ‘ಅಂಗಿ ತೆಗಿ’, ‘ಫೋಟೊ ತೆಗಿ’, ‘ಬ್ಯಾಂಕಿನಾಗಿಂದ ರೊಕ್ಕ ತೆಗಿ’ ಎನ್ನುವುದನ್ನು ಕೇಳುತ್ತ ಬೆಳೆದ ನನಗೆ ಈ ಪದ ಪರಕೀಯವೆನಿಸಲಿಲ್ಲ. ಬಾಡಿಗೆ ಮನೆಗೆ ಮಾತ್ರ ನಾವು ‘ಹಿಡಿ’ ಎನ್ನುತ್ತೇವೆ.

ನಿಜವಾದ ತೊಡಕು ಆ ಬಾಡಿಗೆಯ ಅರ್ಥದಲ್ಲಿಯೇ ಇದೆ. ‘ಕ್ವರ್ತೀರು’ ಎಂದರೆ ಮನೆಯನ್ನು; ‘ಸ್ನಿಮಾಲ್ ಕ್ವರ್ತೀರು’ ಎಂದರೆ ಆತ ಬಾಡಿಗೆಗೆ ಇದ್ದ. ಅದೇ ಕ್ರಿಯೆ ಮುಗಿಯಿತೆಂದು ಹೇಳುವ ರೂಪದಲ್ಲಿ ‘ಸ್ನ್ಯಾಲ್ ಕ್ವರ್ತೀರು’ ಎಂದರೆ ಮನೆ ಗೊತ್ತುಮಾಡಿಕೊಂಡ. ಇಂಗ್ಲಿಷಿನ ‘ರೆಂಟೆಡ್’ ಈ ಎರಡನ್ನೂ ಒಂದಾಗಿಸಿಬಿಡುತ್ತದೆ. ಒಮ್ಮೆ ಮೊದಲನೆಯದಕ್ಕೆ ಬರಿಯ ‘ರೆಂಟೆಡ್’ ಎಂದು ಬರೆದು, ಅದೇ ಮನೆಯಲ್ಲಿ ವರ್ಷಗಟ್ಟಲೆ ಬಾಳಿದವನನ್ನು ಅಂದೇ ಬೀಗದ ಕೈ ಪಡೆದವನಂತೆ ಕಾಣಿಸಿದ್ದೆ. ಅದು ಬಹಳ ದಿನ ಮನಸ್ಸನ್ನು ಕೊರೆಯಿತು. ಈಗ ಅಲ್ಲಿ ‘ವಾಸ್ ರೆಂಟಿಂಗ್’ ಎಂದು ತಿದ್ದಿದ್ದೇನೆ.