ಅಪ್ಪನ ಸರಪಳಿ ಮತ್ತು ಅರಗಾದ ಹಡಗುಗಳು

ಅಂಕೋಲೆಯಿಂದ ಕಾರವಾರಕ್ಕೆ ಹೋಗುವಾಗ ಎಡಗಡೆ ಅರಗಾ ಎಂಬ ಊರಿನಲ್ಲಿ ಕಾಣಿಸುವ ನೌಕಾನೆಲೆಯ ಗೋಡೆಯನ್ನು ನಾನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಿಂದಲೇ ನೋಡಿ ಬೆಳೆದವಳು. ಗೋಡೆಯ ಆಚೆಗಿನ ನೆಲವನ್ನು ಅಪ್ಪ ಗುಂಟೆ ಗುಂಟೆಯಾಗಿ ಬಲ್ಲರು. ಆದರೆ ಗೋಡೆ ಎದ್ದ ಮೇಲೆ ಒಮ್ಮೆಯೂ ಒಳಗೆ ಕಾಲಿಟ್ಟಿರಲಿಲ್ಲ. ಡಿಸೆಂಬರಿನಲ್ಲಿ ನೌಕಾದಿನದ ಅಂಗವಾಗಿ ಸಾರ್ವಜನಿಕರಿಗೆ ಹಡಗು ನೋಡಲು ಅವಕಾಶವಿದೆಯೆಂದು ತಿಳಿದಾಗ, ಧಾರವಾಡದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವ ನಾನು ಎರಡು ದಿನ ರಜೆ ಹಾಕಿ ಊರಿಗೆ ಬಂದೆ. ಎಪ್ಪತ್ತು ದಾಟಿದ ಅಪ್ಪನನ್ನು ಒಪ್ಪಿಸಬೇಕಾದೀತೆಂದು ಮಾತುಗಳನ್ನು ಜೋಡಿಸಿಕೊಂಡೇ ಬಂದಿದ್ದೆ. ಅವರು ಬೆಳಿಗ್ಗೆ ಏಳಕ್ಕೇ ಇಸ್ತ್ರಿಯ ಅಂಗಿ ತೊಟ್ಟು ಜಗಲಿಯಲ್ಲಿ ಕುಳಿತಿದ್ದರು.

ಅಪ್ಪ ಭೂಮಾಪನ ಇಲಾಖೆಯಲ್ಲಿ ಸರ್ವೆಯರ್ ಆಗಿದ್ದವರು. ಈ ನೌಕಾನೆಲೆ ಕಟ್ಟುವ 'ಸೀಬರ್ಡ್' ಯೋಜನೆಗೆ ಭೂಮಿ ಗುರುತಿಸುವ ಕೆಲಸ ಬಂದಾಗ ಅವರಿಗೆ ಮೂವತ್ತರ ಆಸುಪಾಸಿನ ವಯಸ್ಸು. ಮೂವತ್ತಮೂರು ಅಡಿಯ ಸರಪಳಿ, ಲಂಬಕೋನ ಗುರುತಿಸಲು ಒಂದು ಕ್ರಾಸ್ ಸ್ಟಾಫ್, ಹಳೆಯ ಟಿಪ್ಪಣಿ ಪುಸ್ತಕದ ನಕಲು, ಸರಪಳಿ ಎಳೆಯಲು ಇಬ್ಬರು ಆಳುಗಳು. ಇಷ್ಟೇ ಅವರ ಬಳಗ. ಮೂವತ್ತಮೂರು ಅಡಿ ಉದ್ದ, ಮೂವತ್ತಮೂರು ಅಡಿ ಅಗಲವಾದರೆ ಒಂದು ಗುಂಟೆ; ಅಂಥ ನಲವತ್ತು ಸೇರಿದರೆ ಎಕರೆ. ಈ ಲೆಕ್ಕವನ್ನು ನನಗೆ ಶಾಲೆಯಲ್ಲಿ ಯಾರೂ ಕಲಿಸಲಿಲ್ಲ, ಊಟಕ್ಕೆ ಕುಳಿತಾಗ ಅಪ್ಪ ಕಲಿಸಿದರು. ತೆಂಗಿನ ತೋಟದಲ್ಲಿ, ಉಪ್ಪುನೀರು ನುಗ್ಗುವ ಗಜನಿ ಗದ್ದೆಯಲ್ಲಿ ಕೆಸರು ತುಳಿಯುತ್ತಾ ಬಾಂದು ಕಲ್ಲು ಹುಡುಕುತ್ತಿದ್ದ ದಿನಗಳ ಕತೆಯನ್ನೂ ಹೇಳುತ್ತಿದ್ದರು. ಆ ಮನೆಗಳವರು ಏನೆನ್ನುತ್ತಿದ್ದರು ಎಂದು ಕೇಳಿದರೆ ಮಾತ್ರ, "ಕುಡಿಯಲು ಮಜ್ಜಿಗೆ ಕೊಡುತ್ತಿದ್ದರು" ಎಂದು ಹೇಳಿ ಎದ್ದುಬಿಡುತ್ತಿದ್ದರು.

ಕಾರವಾರವೇ ಯಾಕೆ ಬೇಕಾಯಿತು ಎಂಬುದಕ್ಕೆ ಉತ್ತರ ಮುಂಬಯಿಯಲ್ಲಿದೆ. ಪಶ್ಚಿಮ ತೀರದ ಯುದ್ಧನೌಕೆಗಳೆಲ್ಲ ಬಹುಪಾಲು ಅದೊಂದೇ ಬಂದರನ್ನು ನೆಚ್ಚಿಕೊಂಡಿದ್ದವು. ಅಲ್ಲಿ ವ್ಯಾಪಾರಿ ಹಡಗುಗಳ, ಮೀನುಗಾರರ ದೋಣಿಗಳ ನಡುವೆ ದಾರಿ ಬಿಡಿಸಿಕೊಳ್ಳಬೇಕು. ಮಹಾನಗರ ಕಡಲಂಚಿನವರೆಗೂ ಬೆಳೆದಿದ್ದರಿಂದ ನೆಲೆಯನ್ನು ಹಿಗ್ಗಿಸಲು ಜಾಗವೂ ಇಲ್ಲ. ಜೊತೆಗೆ ಪಾಕಿಸ್ತಾನದ ವಿಮಾನಗಳಿಗೆ ಅದು ಹತ್ತಿರ. ಆಳವಾದ ನೀರು, ಮುಂದೆ ಅಂಜುದೀವಿಯಂಥ ನಡುಗಡ್ಡೆಗಳ ಮರೆ, ಬೆನ್ನಿಗೆ ಸಹ್ಯಾದ್ರಿ, ಇವೆಲ್ಲ ಒಂದೆಡೆ ಸಿಕ್ಕುವ ಜಾಗವೆಂದು ಕಾರವಾರವನ್ನು ನೆಚ್ಚಿದವರು 1980ರ ದಶಕದ ಆರಂಭದಲ್ಲಿ ನೌಕಾಪಡೆಯ ಮುಖ್ಯಸ್ಥರಾಗಿದ್ದ ಅಡ್ಮಿರಲ್ ಆಸ್ಕರ್ ಸ್ಟ್ಯಾನ್ಲಿ ಡಾಸನ್. 1986ರ ಅಕ್ಟೋಬರ್ 24ರಂದು ಪ್ರಧಾನಿ ರಾಜೀವ್ ಗಾಂಧಿ ಅಡಿಗಲ್ಲು ಹಾಕಿದರು. ಆಮೇಲೆ 1991ರ ಆರ್ಥಿಕ ಬಿಕ್ಕಟ್ಟು ಬಂತು, ಕೆಲಸ ಕುಂಟಿತು. ಪೋಖ್ರಾನ್ ಪರೀಕ್ಷೆಯ ನಂತರ, 1999ರಲ್ಲಿ, ರಕ್ಷಣಾ ಸಚಿವರಾಗಿದ್ದ ಜಾರ್ಜ್ ಫರ್ನಾಂಡಿಸ್ ಅವರ ಕಾಲದಲ್ಲಿ ಮತ್ತೆ ಚುರುಕಾಯಿತು. ಐಎನ್‌ಎಸ್ ಕದಂಬ ಎಂಬ ಹೆಸರಿನಲ್ಲಿ ನೆಲೆ ಕಾರ್ಯಾರಂಭ ಮಾಡಿದ್ದು 2005ರ ಮೇ 31ರಂದು. ಅಡಿಗಲ್ಲಿನ ವರ್ಷ ಹುಟ್ಟಿದ ಮಗು ಅಷ್ಟರಲ್ಲಿ ಕಾಲೇಜು ಸೇರಿತ್ತು.

ಗೇಟಿನಲ್ಲಿ ಸಾಲು ಉದ್ದವಿತ್ತು. ಗುರುತಿನ ಚೀಟಿ ತೋರಿಸಿ, ಮೊಬೈಲು ಒಪ್ಪಿಸಿ, ಬಸ್ಸಿನಲ್ಲಿ ಜೆಟ್ಟಿಗೆ ಹೋದೆವು. ಹಡಗು ಹತ್ತುವ ಏಣಿಯ ಬಳಿ ನಿಂತಿದ್ದ ತರುಣ ನಾವಿಕ ಅಪ್ಪನ ಕೈ ಹಿಡಿದು, "ಅಜ್ಜಾರ, ಸಾವಕಾಶ ಬರ್ರಿ, ಮ್ಯಾಲೆ ತಲಿ ಬಡಿತದ" ಎಂದಾಗ ಅಪ್ಪನ ಮುಖ ಅರಳಿತು. ವಿಜಯಪುರ ಜಿಲ್ಲೆಯ ಹುಡುಗ. ಸೇನೆಗೆ ಸೇರುವವರೆಗೂ ಸಮುದ್ರ ನೋಡಿರಲಿಲ್ಲವಂತೆ. ಮುಂಭಾಗದ ತೋಪನ್ನೂ ಹೆಲಿಕಾಪ್ಟರ್ ಇಳಿಯುವ ಅಟ್ಟವನ್ನೂ ಅವನು ಉತ್ಸಾಹದಿಂದ ವಿವರಿಸಿದ. ಸುತ್ತಲಿನ ಮಕ್ಕಳು ತೋಪಿನ ಸುತ್ತ ನೆರೆದಿದ್ದರೆ ಅಪ್ಪ ಮಾತ್ರ ಕಟಕಟೆ ಹಿಡಿದು ದಡದ ಕಡೆಗೆ ನೋಡುತ್ತಿದ್ದರು. ಗುಡ್ಡಗಳ ನೆತ್ತಿಯನ್ನು ಒಂದೊಂದಾಗಿ ಬೆರಳಿನಿಂದ ಗುರುತಿಸಿ, ನಡುವಿನ ಬಯಲಿನಲ್ಲಿ ಯಾವ ಸರ್ವೆ ನಂಬರು ಎಲ್ಲಿ ಬರುತ್ತದೆಂದು ಲೆಕ್ಕ ಹಾಕುತ್ತಿದ್ದಾರೆಂಬುದು ನನಗೆ ತಡವಾಗಿ ಹೊಳೆಯಿತು. ಗದ್ದೆಯ ಅಂಚುಗಳೆಲ್ಲ ಅಳಿಸಿಹೋಗಿದ್ದವು, ಗುಡ್ಡಗಳು ಮಾತ್ರ ಸ್ಥಳ ಬಿಟ್ಟಿರಲಿಲ್ಲ.

ಹಡಗುಗಳನ್ನು ನೀರಿನಿಂದಲೇ ಮೇಲೆತ್ತಿ ದುರಸ್ತಿಗೆ ದಡಕ್ಕೆ ತರುವ ಶಿಪ್‌ಲಿಫ್ಟ್ ಇರುವ ದಿಕ್ಕನ್ನು ಹುಡುಗ ತೋರಿಸಿದ. 175 ಮೀಟರ್ ಉದ್ದ, 28 ಮೀಟರ್ ಅಗಲ, ಹತ್ತು ಸಾವಿರ ಟನ್ ಎತ್ತುತ್ತದೆ. ಅಪ್ಪ ಅದಕ್ಕೆ ತಲೆದೂಗಿದವರು, ಮೆಲ್ಲನೆ ಕೇಳಿದರು: "ಎಲ್ಲ ಸೇರಿ ಎಷ್ಟು ಹಡಗಿಗೆ ಜಾಗ ಮಾಡಿದ್ದಪ್ಪಾ?" ಹುಡುಗ ನಕ್ಕು ಮಾತು ಬೇರೆಡೆಗೆ ತಿರುಗಿಸಿದ, ಅದು ಅವನು ಹೇಳುವ ಸಂಗತಿಯಲ್ಲ. ಸಾರ್ವಜನಿಕ ದಾಖಲೆಯಲ್ಲಿರುವಷ್ಟನ್ನು ನಾನೇ ಹೇಳಿದೆ. ಮೊದಲ ಹಂತ 11 ಹಡಗುಗಳಿಗೆ. ಎರಡನೆಯ ಹಂತದ ಮೊದಲ ಭಾಗ ಮುಗಿದಾಗ ಹಡಗು, ಜಲಾಂತರ್ಗಾಮಿ ಸೇರಿ 32. ಕೊನೆಯ ಭಾಗವೂ ಆದರೆ 50.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲಾ ತಂಗಿ, ಹಾಗಾದರೆ ನಾವು ಐವತ್ತು ಹಡಗಿನ ಜಾಗವನ್ನು ಒಂದೇ ಸಲಕ್ಕೆ ಅಳೆದುಕೊಟ್ಟಿದ್ದೇವೆ" ಎಂದರು.

ವರ್ಷಗಟ್ಟಲೆ ತರಗತಿಯಲ್ಲಿ ದೀರ್ಘಾವಧಿ ಯೋಜನೆಗಳ ಬಗ್ಗೆ ಮಾತನಾಡಿದ ನನಗೆ ಆ ಒಂದು ವಾಕ್ಯದಷ್ಟು ಸ್ಪಷ್ಟವಾದದ್ದು ಹೊಳೆದಿರಲಿಲ್ಲ. ಹಣ ಕಂತಿನಲ್ಲಿ ಬಂತು, ಹಡಗುಗಳು ಹಂತಹಂತವಾಗಿ ಬಂದವು, ನೆಲ ಮಾತ್ರ ಇಡಿಯಾಗಿ ಹೋಯಿತು. ಸುಮಾರು 11,000 ಎಕರೆ, 4,000ಕ್ಕೂ ಹೆಚ್ಚು ಕುಟುಂಬ. ಕೆಲವರು ತೋಡೂರಿನ ಕಡೆಯ ಪುನರ್ವಸತಿ ಬಡಾವಣೆಗಳಿಗೆ, ಕೆಲವರು ನೆಂಟರಿದ್ದಲ್ಲಿಗೆ ಹೊರಟರು. ಹೆಚ್ಚುವರಿ ಪರಿಹಾರದ ದಾವೆಗಳು ದಶಕಗಳ ಕಾಲ ನಡೆದವು. ಹೀಗೆ ಹೇಳಿದಾಗ ಅಪ್ಪ ನನ್ನ ಮಾತನ್ನು ಪೂರ್ತಿ ಒಪ್ಪಲಿಲ್ಲವೆಂಬುದನ್ನೂ ಬರೆಯಬೇಕು. "ಆಗ ಅರ್ಧ ತೆಗೆದುಕೊಂಡಿದ್ದರೆ ಈಗ ಉಳಿದರ್ಧ ಯಾರು ಕೊಡುತ್ತಿದ್ದರು? ಹೆದ್ದಾರಿ ಅಂಚಿಗೆ ಹೋಟೆಲು, ಲೇಔಟು ಬಂದಾದ ಮೇಲೆ ನಾನು ಯಾವ ಸರಪಳಿ ಹಿಡಿದು ಹೋಗಲಿ?" ಎಂದು ಕೇಳಿದರು. ಸರಿಯೇ. ಮುಂಬಯಿಯಲ್ಲಿ ಆಗಿದ್ದು ಅದೇ ಅಲ್ಲವೇ? ಮುಂದಾಲೋಚನೆಯುಳ್ಳ ಯೋಜಕ ಮೊದಲು ನೆಲವನ್ನೇ ಹಿಡಿಯುತ್ತಾನೆ. ಆದರೆ ಹಾಗೆ ಹಿಡಿದ ಮೇಲೆ ತಾನು ಹಾಕಿಕೊಂಡ ಗಡುವಿಗೆ ಅವನು ಹೆಚ್ಚು ನಿಷ್ಠನಾಗಿರಬೇಕೆಂಬುದು ನನ್ನ ವಾದ, ಮತ್ತು ನಮ್ಮ ರಕ್ಷಣಾ ಯೋಜನೆಗಳ ದೌರ್ಬಲ್ಯವಿರುವುದು ಗುರಿಯಲ್ಲಲ್ಲ, ಗಡುವಿನಲ್ಲಿ.

ಬಸ್ಸಿಗೆ ಕಾಯುತ್ತಾ ಅಪ್ಪನಿಗೆ ಜಲಾಂತರ್ಗಾಮಿಗಳ ಕತೆ ಹೇಳಿದೆ. 1999ರಲ್ಲಿ ಕೇಂದ್ರ ಸಂಪುಟದ ಭದ್ರತಾ ಸಮಿತಿ ಮೂವತ್ತು ವರ್ಷಗಳ ಯೋಜನೆಯೊಂದಕ್ಕೆ ಒಪ್ಪಿಗೆ ಕೊಟ್ಟಿತು: 2030ರ ಹೊತ್ತಿಗೆ 24 ಹೊಸ ಜಲಾಂತರ್ಗಾಮಿಗಳು. ಮೊದಲ ಆರಕ್ಕೆ ಒಪ್ಪಂದವಾದದ್ದು 2005ರಲ್ಲಿ, ಅವುಗಳಲ್ಲಿ ಮೊದಲನೆಯದಾದ ಕಲ್ವರಿ ಸೇವೆಗೆ ಬಂದದ್ದು 2017ರ ಡಿಸೆಂಬರಿನಲ್ಲಿ, ಆರನೆಯದಾದ ವಾಗ್‌ಶೀರ್ 2025ರ ಜನವರಿಯಲ್ಲಿ. ವಿಕ್ರಮಾದಿತ್ಯದ ಕತೆಯೂ ಬೇರೆಯಲ್ಲ. 2004ರ ಒಪ್ಪಂದದಂತೆ 2008ರಲ್ಲಿ ರಷ್ಯಾದಿಂದ ಬರಬೇಕಿದ್ದ ಆ ವಿಮಾನವಾಹಕ ನೌಕೆ ನಮ್ಮ ನೌಕಾಪಡೆಗೆ ಸೇರಿದ್ದು 2013ರ ನವೆಂಬರಿನಲ್ಲಿ, ಅಷ್ಟರಲ್ಲಿ ಅದರ ಬೆಲೆ 97 ಕೋಟಿ ಡಾಲರಿನಿಂದ 235 ಕೋಟಿ ಡಾಲರಿಗೆ ಏರಿತ್ತು. ಅದು ನಿಲ್ಲಬೇಕಾದ ನೆಲೆ ಇದೇ ಕಾರವಾರ.

"ದುಡ್ಡಿಲ್ಲದೆಯೋ?" ಎಂದು ಅಪ್ಪ ಕೇಳಿದರು. ಇದು ನನ್ನ ಪಾಠದ ವಿಷಯವೇ ಆಗಿದ್ದರಿಂದ ಸ್ವಲ್ಪ ಹೆಚ್ಚೇ ಮಾತನಾಡಿದೆನೇನೋ. 2025-26ರ ಬಜೆಟ್ಟಿನಲ್ಲಿ ರಕ್ಷಣೆಗೆ ಇಟ್ಟದ್ದು 6.81 ಲಕ್ಷ ಕೋಟಿ ರೂಪಾಯಿ. ಹೊಸ ಹಡಗು, ವಿಮಾನ, ತೋಪುಗಳಿಗಾಗಿ ಇರುವ ಬಂಡವಾಳ ವೆಚ್ಚ ಅದರಲ್ಲಿ 1.80 ಲಕ್ಷ ಕೋಟಿ, ಪಿಂಚಣಿಯೊಂದೇ 1.60 ಲಕ್ಷ ಕೋಟಿ. ಉಳಿದದ್ದರಲ್ಲಿ ಸಂಬಳ, ಇಂಧನ, ದುರಸ್ತಿ. ಬಂಡವಾಳದ ಪಾಲಿನಲ್ಲೂ ಗಣನೀಯ ಭಾಗ ಹಿಂದೆಯೇ ಸಹಿ ಹಾಕಿದ ಒಪ್ಪಂದಗಳ ಕಂತಿಗೆ ಹೋಗುತ್ತದೆ. ಹತ್ತು, ಹದಿನೈದು ವರ್ಷಗಳ ಯೋಜನೆಯನ್ನು ಒಂದು ವರ್ಷದ ಬಜೆಟ್ಟಿನಿಂದ ನಡೆಸುವುದೆಂದರೆ ದಿನಗೂಲಿ ನೆಚ್ಚಿಕೊಂಡು ಮನೆಗೆ ಅಡಿಪಾಯ ಹಾಕಿದಂತೆ. ಮೂರೂ ಪಡೆಗಳ ಬೇಡಿಕೆಗಳನ್ನು ಒಂದೇ ಪಟ್ಟಿಯಲ್ಲಿ ತೂಗಿನೋಡುವ ಹೊಣೆ ಹೊತ್ತ ಸೇನಾಪಡೆಗಳ ಮುಖ್ಯಸ್ಥರ ಹುದ್ದೆ ಹುಟ್ಟಿದ್ದೇ 2019ರ ಡಿಸೆಂಬರಿನ ಕೊನೆಯಲ್ಲಿ. ಪಿಂಚಣಿಯ ಅಂಕಿ ಕೇಳಿ, ಸ್ವತಃ ಪಿಂಚಣಿದಾರರಾದ ಅಪ್ಪ, "ಅದನ್ನು ಮುಟ್ಟುವ ಮಾತು ಬೇಡ" ಎಂದು ನಕ್ಕರು.

ಮಧ್ಯಾಹ್ನ ಕಾರವಾರದಲ್ಲಿ ಮೀನೂಟ ಮುಗಿಸಿ, ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಟುಪೊಲೆವ್ ವಿಮಾನ ನೋಡಲು ಹೋದೆವು. 1988ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ ಈ ಜಾತಿಯ ಎಂಟು ವಿಮಾನಗಳು ಹಿಂದೂ ಮಹಾಸಾಗರದ ಮೇಲೆ ಜಲಾಂತರ್ಗಾಮಿಗಳನ್ನು ಹುಡುಕುತ್ತಾ ಹಾರಿ, 2017ರ ಮಾರ್ಚಿನಲ್ಲಿ ತಮಿಳುನಾಡಿನ ಅರಕ್ಕೋಣಂನಲ್ಲಿ ನಿವೃತ್ತವಾದವು. ನನ್ನ ವಾದಕ್ಕೆ ಎದುರಾದ ಸಾಕ್ಷಿಯೂ ಅಲ್ಲೇ ನಿಂತಿತ್ತು. ಇವುಗಳ ಜಾಗ ತುಂಬಲು ಎಂಟು ಪಿ-8ಐ ವಿಮಾನಗಳಿಗೆ 2009ರಲ್ಲೇ ಬೇಡಿಕೆ ಸಲ್ಲಿಸಿದ್ದರಿಂದ, 2013ರಿಂದ ಅವು ಅದೇ ಅರಕ್ಕೋಣಂಗೆ ಬಂದಿಳಿಯತೊಡಗಿದವು. ಹಳೆಯದು ಹೋಗುವ ಮೊದಲೇ ಹೊಸದು ಬಂದು ಕೆಲಸ ಹಿಡಿದಿತ್ತು. ಯೋಜನೆ ಹೀಗೂ ನಡೆಯುತ್ತದೆ ಎಂದು ಅಪ್ಪನಿಗೆ ಹೇಳಲು ತಿರುಗಿದರೆ ಅವರು ಪಕ್ಕದಲ್ಲಿರಲಿಲ್ಲ.

ರೆಕ್ಕೆಯ ಒಂದು ತುದಿಯ ನೇರಕ್ಕೆ ನಿಂತು, ಕೈ ಹಿಂದಕ್ಕೆ ಕಟ್ಟಿ, ಇನ್ನೊಂದು ತುದಿಯತ್ತ ಅಳೆದು ಹೆಜ್ಜೆ ಹಾಕುತ್ತಿದ್ದರು. ಹಿಂದೆ ಹದಿಮೂರು ಹೆಜ್ಜೆಗೆ ಒಂದು ಸರಪಳಿಯಾಗುತ್ತಿತ್ತಂತೆ, ಈಗ ಹದಿನೈದು ಬೇಕು. ರೆಕ್ಕೆಯ ಹರವು ಐದು ಸರಪಳಿ ಬಂತು. ಮೂತಿಯಿಂದ ಬಾಲದವರೆಗೆ ಮತ್ತೊಮ್ಮೆ ನಡೆದು, ಐದು ಸರಪಳಿ ನಾಲ್ಕಾಣೆ, ಅಂದರೆ ಐದೂಕಾಲು, ಎಂದರು. ನಾನು ಐವತ್ತು ಮೀಟರ್, ಐವತ್ತಮೂರು ಮೀಟರ್ ಎಂದು ಮನಸ್ಸಿನಲ್ಲೇ ಗುಣಿಸುತ್ತಿರುವಾಗ ಅಪ್ಪ ಆಗಲೇ ಉತ್ತರ ಹೇಳಿಬಿಟ್ಟಿದ್ದರು.

"ಇದೊಂದನ್ನು ನಿಲ್ಲಿಸಲು ಇಪ್ಪತ್ತಾರು ಗುಂಟೆ ಬೇಕು" ಎಂದು ಹೇಳಿ, ಚಪ್ಪಲಿಯ ಮರಳು ಕೊಡವಿಕೊಂಡು, ಬಸ್ ನಿಲ್ದಾಣದ ಕಡೆಗೆ ಹೊರಟರು.