ಸೋತವರು ಸುಮ್ನೆ ಕೂರದ ಪಂದ್ಯ

ಥ್ಯಾಂಕ್ಸ್‌ಗಿವಿಂಗ್ ಹಬ್ಬ ಮುಗಿದ ಶನಿವಾರ ಮಿಷಿಗನ್ ಮತ್ತು ಒಹಾಯೋ ಸ್ಟೇಟ್ ವಿಶ್ವವಿದ್ಯಾಲಯಗಳ ನಡುವೆ ಫುಟ್‌ಬಾಲ್ ಪಂದ್ಯ ಇರುತ್ತದೆ. ಈ ಎರಡೂ ರಾಜ್ಯಗಳ ಜನ ಅದನ್ನು ಬರೀ ‘ದಿ ಗೇಮ್’ ಅನ್ನುತ್ತಾರೆ. ಯಾವ ಗೇಮು ಅಂತ ಯಾರೂ ಕೇಳುವುದಿಲ್ಲ. ಇದು ಅಮೆರಿಕದ ಫುಟ್‌ಬಾಲ್. ಚೆಂಡನ್ನು ಕೈಯಲ್ಲಿ ಹಿಡಿದು ಓಡಬೇಕು, ಇಲ್ಲಾ ಎಸೆದು ಮುಂದೆ ಸಾಗಿಸಬೇಕು. ನಾಲ್ಕು ಸರದಿಯೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಸರದಿ ಸಿಗುತ್ತದೆ. ಚೆಂಡನ್ನು ಎದುರಾಳಿಯ ಕೊನೆಯ ಗೆರೆ ದಾಟಿಸಿದರೆ ಟಚ್‌ಡೌನ್. ಇಷ್ಟು ಗೊತ್ತಿದ್ದರೆ ಪಂದ್ಯ ನೋಡೋಕೆ ಸಾಕು.

ನಾನು ಓದಿದ್ದು ಆನ್ ಆರ್ಬರ್‌ನಲ್ಲಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. ನನ್ನ ದೊಡ್ಡಮ್ಮನ ಮಗ ಓದಿದ್ದು ಕೊಲಂಬಸ್‌ನ ಒಹಾಯೋ ಸ್ಟೇಟ್‌ನಲ್ಲಿ. ಓದು ಮುಗಿಸಿ ಅಣ್ಣ ಅಲ್ಲೇ ಮನೆ ಮಾಡಿದ, ನಾನು ಡೆಟ್ರಾಯಿಟ್ ಕಡೆ ಉಳಿದುಕೊಂಡೆ. ನಡುವೆ ಕಾರಿನಲ್ಲಿ ಮೂರು ಗಂಟೆ ದಾರಿ. ಹಬ್ಬಕ್ಕೆ ಅವರು ಬರುತ್ತಾರೆ, ಇಲ್ಲಾ ನಾವು ಹೋಗುತ್ತೇವೆ. 2021ರ ನವೆಂಬರ್ 27ರಂದು ನಾವಿಬ್ಬರೂ ಅಕ್ಕಪಕ್ಕ ಕೂತು ಆ ಪಂದ್ಯ ನೋಡಿದೆವು. ನಿಜವಾದ ಪೈಪೋಟಿ ಅಂದರೆ ಏನು ಅಂತ ನನಗೆ ಮನಸ್ಸಿಗೆ ಹತ್ತಿದ್ದು ಅವತ್ತು.

ಅದಕ್ಕೆ ಮೊದಲಿನ ಪರಿಸ್ಥಿತಿ ಹೇಳಬೇಕು. 2012ರಿಂದ 2019ರವರೆಗೆ ಎಂಟಕ್ಕೆ ಎಂಟೂ ಪಂದ್ಯ ಒಹಾಯೋ ಸ್ಟೇಟ್ ಗೆದ್ದಿತ್ತು. 2016ರದ್ದು ಎರಡು ಓವರ್‌ಟೈಮ್‌ವರೆಗೂ ಎಳೆದು 30-27ಕ್ಕೆ ಮುಗಿದಿತ್ತು, ನಿಜ. ಆದರೆ 2018ರಲ್ಲಿ 62-39, 2019ರಲ್ಲಿ 56-27. 2020ರಲ್ಲಿ ಕೋವಿಡ್‌ನಿಂದ ಪಂದ್ಯವೇ ನಡೆಯಲಿಲ್ಲ. 1918ರಿಂದ ಒಂದು ವರ್ಷವೂ ತಪ್ಪದೆ ನಡೆದುಬಂದಿದ್ದು ಆಗ ಮೊದಲ ಸಲ ನಿಂತಿತು. ಆ ವರ್ಷ ಮಿಷಿಗನ್ ಆಡಿದ ಆರು ಪಂದ್ಯದಲ್ಲಿ ಗೆದ್ದಿದ್ದು ಎರಡೇ. ಕೋಚ್ ಜಿಮ್ ಹಾರ್ಬಾ ಅವರ ಸಂಬಳ ಇಳಿಸಿ ಹೊಸ ಒಪ್ಪಂದ ಮಾಡಿಕೊಂಡರು. ಈ ಹಾರ್ಬಾ ಒಂದು ಕಾಲದಲ್ಲಿ ಮಿಷಿಗನ್ ತಂಡದಲ್ಲಿ ಚೆಂಡೆಸೆದು ಆಟ ನಡೆಸುವ ಕ್ವಾರ್ಟರ್‌ಬ್ಯಾಕ್. 1986ರಲ್ಲಿ, ಒಹಾಯೋ ಸ್ಟೇಟನ್ನು ಸೋಲಿಸಿಯೇ ತೀರುತ್ತೇವೆ ಅಂತ ಪಂದ್ಯಕ್ಕೆ ಮೊದಲೇ ಎಲ್ಲರೆದುರು ಹೇಳಿ, 26-24ರಲ್ಲಿ ಗೆದ್ದು ತೋರಿಸಿದವರು. ಕೋಚ್ ಆದಮೇಲೆ ಅದೇ ತಂಡದ ಎದುರು ಐದಕ್ಕೆ ಐದೂ ಸೋತಿದ್ದರು.

ಗುರುವಾರ ರಾತ್ರಿ ಊಟಕ್ಕೆ ಕೂತಾಗ ಅಣ್ಣ ಹೇಳಿದ: “ಇದನ್ನ ಇನ್ನೂ ಪೈಪೋಟಿ ಅಂತೀರೇನೋ? ಪೈಪೋಟಿ ಅಂದ್ರೆ ಇಬ್ರೂ ಗೆಲ್ತಿರ್ಬೇಕು ಕಣೋ.” ಅವನು ಚುಚ್ಚೋಕೆ ಹೇಳಿದ್ದಲ್ಲ. ಅವನಿಗೆ ನಿಜವಾಗಿಯೂ ಬೇಜಾರಾಗಿತ್ತು. ಅವನ ಮಗಳು ಹುಟ್ಟಿದಾಗಿನಿಂದ ಮಿಷಿಗನ್ ಗೆದ್ದಿದ್ದನ್ನೇ ನೋಡಿರಲಿಲ್ಲ. ಪಂದ್ಯದ ದಿನ ಅವಳಿಗೆ ಒಂಚೂರೂ ಭಯ ಇರುತ್ತಿರಲಿಲ್ಲವಂತೆ. ಭಯವಿಲ್ಲದೆ ನೋಡಿದರೆ ಅದೆಂಥ ಪಂದ್ಯ ಅನ್ನೋದು ಅವನ ಪ್ರಶ್ನೆ.

ಶನಿವಾರ ಬೆಳಿಗ್ಗೆ ಬೇಗ ಹೊರಟು ಆನ್ ಆರ್ಬರ್‌ನ ಕ್ರೀಡಾಂಗಣದ ಎದುರಿನ ಗಾಲ್ಫ್ ಮೈದಾನದಲ್ಲಿ ಕಾರು ನಿಲ್ಲಿಸಿದೆವು. ಪಂದ್ಯದ ದಿನ ವಿಶ್ವವಿದ್ಯಾಲಯದ ಗಾಲ್ಫ್ ಮೈದಾನವೇ ಪಾರ್ಕಿಂಗ್ ಜಾಗ. ಹುಲ್ಲಿನ ಮೇಲೆ ಸಾಲುಸಾಲು ಕಾರು, ಡಿಕ್ಕಿ ಪಕ್ಕದಲ್ಲಿ ಹೊತ್ತಿಸಿಟ್ಟ ಒಲೆ, ಸಾಸೇಜ್ ಸುಡುವ ಹೊಗೆ. ಅತ್ತಿಗೆ ಡಬ್ಬಿ ತುಂಬ ಪುಳಿಯೋಗರೆ ಕಟ್ಟಿಕೊಟ್ಟಿದ್ದರು. ಚಳಿಗೆ ಬೆರಳು ಮರಗಟ್ಟಿ ಚಮಚ ಹಿಡಿಯೋಕೇ ಆಗುತ್ತಿರಲಿಲ್ಲ. ಸುತ್ತ ಎಲ್ಲರದೂ ನೀಲಿ, ಹಳದಿ. ಅಣ್ಣನದೊಂದೇ ಕೆಂಪು ಜಾಕೆಟ್. ಪಕ್ಕದ ಕಾರಿನವರು ಅವನನ್ನು ಕರೆದು ಬಿಸಿ ಸೈಡರ್ ಕೊಟ್ಟರು. ಯಾವ ವರ್ಷ ಓದಿದ್ದು, ಯಾವ ವಿಭಾಗ ಅಂತೆಲ್ಲ ವಿಚಾರಿಸಿದರು. ಒಹಾಯೋದವನು ಅಂತ ಗೊತ್ತಾದಮೇಲೆ ನನಗಿಂತ ಅವನ ಹತ್ರಾನೇ ಜಾಸ್ತಿ ಮಾತಾಡಿದರು.

ನಮಗೆ ಟಿಕೆಟ್ ಕೊಟ್ಟಿದ್ದು ನನ್ನ ಆಫೀಸಿನ ಹಿರಿಯರೊಬ್ಬರು. ಅವರೂ ಅಲ್ಲೇ ಸಿಕ್ಕರು. 1969ರ ಪಂದ್ಯಕ್ಕೆ ಅಪ್ಪನ ಕೈ ಹಿಡಿದುಕೊಂಡು ಬಂದಿದ್ದವರು ಅವರು. ಅಣ್ಣ ಮತ್ತೆ ಅದೇ ಮಾತು ತೆಗೆದಾಗ ಅವರು, “ಹಾಗಾದರೆ 1968ರಲ್ಲೂ ಇದು ಮುಗಿದೇ ಹೋಗಿತ್ತು” ಅಂದರು. ಆ ವರ್ಷ ಒಹಾಯೋ ಸ್ಟೇಟ್ 50-14ರಲ್ಲಿ ಬಡಿದಿತ್ತು. ಪಂದ್ಯ ಕೈಗೆ ಬಂದಮೇಲೂ ಕೋಚ್ ವುಡಿ ಹೇಯ್ಸ್ ಕೊನೆಯ ಟಚ್‌ಡೌನ್ ಆದಕೂಡಲೆ, ಒಂದು ಪಾಯಿಂಟಿನ ಮಾಮೂಲಿ ಒದೆತ ಬಿಟ್ಟು, ಎರಡು ಪಾಯಿಂಟಿನ ಹೆಚ್ಚುವರಿ ಪ್ರಯತ್ನಕ್ಕೆ ತಂಡವನ್ನು ಕಳಿಸಿದ್ದರು. ಆ ಅವಮಾನವನ್ನು ಮಿಷಿಗನ್ ನುಂಗಿಕೊಂಡು ಸುಮ್ನಾಗಲಿಲ್ಲ. ಬೋ ಶೆಂಬೆಕ್ಲರ್ ಅವರನ್ನು ಕೋಚ್ ಮಾಡಿಕೊಂಡಿತು. ಬೋ ಹುಟ್ಟಿದ್ದು ಒಹಾಯೋದ ಬಾರ್ಬರ್ಟನ್‌ನಲ್ಲಿ. ವುಡಿ ಹೇಯ್ಸ್ ಕೈಕೆಳಗೆ ಆಡಿ, ಆಮೇಲೆ ಅವರಿಗೇ ಸಹಾಯಕ ಕೋಚ್ ಆಗಿದ್ದವರು. ಗುರುವಿನ ಪಟ್ಟುಗಳೆಲ್ಲ ಗೊತ್ತಿದ್ದ ಶಿಷ್ಯ. 1969ರಲ್ಲಿ ಒಹಾಯೋ ಸ್ಟೇಟ್ ದೇಶಕ್ಕೇ ನಂಬರ್ ಒನ್, ಸತತ 22 ಪಂದ್ಯ ಗೆದ್ದು ಬಂದಿತ್ತು. ಮಿಷಿಗನ್ ಅದನ್ನು 24-12ರಲ್ಲಿ ಸೋಲಿಸಿತು. ಅಲ್ಲಿಂದ 1978ರವರೆಗೆ ಗುರು ಶಿಷ್ಯರು ಪ್ರತಿವರ್ಷ ಎದುರುಬದುರಾದರು. ಬೋ ಐದು ಗೆದ್ದರು, ವುಡಿ ನಾಲ್ಕು, ಒಂದು ಡ್ರಾ. ಇವತ್ತಿಗೂ ಜನ ಅದನ್ನು ಹತ್ತು ವರ್ಷದ ಯುದ್ಧ ಅನ್ನುತ್ತಾರೆ.

ಡ್ರಾ ಆಗಿದ್ದು 1973ರಲ್ಲಿ, 10-10. ಆಗ ಇವರ ಬಿಗ್ ಟೆನ್ ಲೀಗಿನಿಂದ ಋತುವಿನ ಕೊನೆಗೆ ನಡೆಯುವ ಪ್ರತಿಷ್ಠೆಯ ರೋಸ್ ಬೌಲ್ ಪಂದ್ಯಕ್ಕೆ ಹೋಗಲು ಒಂದೇ ತಂಡಕ್ಕೆ ಅವಕಾಶ. ಉಳಿದವರು ಬೇರೆ ಬೌಲ್ ಪಂದ್ಯವನ್ನೂ ಆಡುವಂತಿರಲಿಲ್ಲ. ಲೀಗಿನ ಕ್ರೀಡಾ ನಿರ್ದೇಶಕರು ಮತ ಹಾಕಿ ಒಹಾಯೋ ಸ್ಟೇಟನ್ನು ಕಳಿಸಿದರು. ಒಂದು ಪಂದ್ಯವನ್ನೂ ಸೋಲದ ಮಿಷಿಗನ್ ಹುಡುಗರು ಮನೆಗೆ ಹೋದರು. ಈ ಕತೆ ಹೇಳುವಾಗ ನಮ್ಮ ಹಿರಿಯರ ಮುಖ ಕೆಂಪಗಾಯಿತು. ಇಷ್ಟು ವರ್ಷ ಆದಮೇಲೂ!

ಮಿಷಿಗನ್ ಸ್ಟೇಡಿಯಂ ಹೊರಗಿನಿಂದ ಅಷ್ಟು ದೊಡ್ಡದು ಅನ್ನಿಸುವುದಿಲ್ಲ. ನೆಲವನ್ನು ಅಗೆದು ಒಳಗಿಳಿಸಿ ಕಟ್ಟಿದ್ದಾರೆ. ಗೇಟು ದಾಟಿದ ಮೇಲೆ ಕೆಳಗೆ ನೋಡಿದರೆ ಎದೆ ಝಲ್ಲೆನ್ನುತ್ತದೆ. 1927ರಲ್ಲಿ ಶುರುವಾದ ಇದರಲ್ಲಿ ಈಗ 1,07,601 ಜನಕ್ಕೆ ಜಾಗ. ಅವತ್ತು ಬಂದಿದ್ದು 1,11,156. ಕೂರೋಕೆ ಉದ್ದನೆಯ ಬೆಂಚು, ಮೇಲೆ ನಂಬರು. ಎರಡು ನಂಬರಿನ ನಡುವೆ ದಪ್ಪ ಕೋಟು ಹಾಕಿದವರಿಗೆ ಜಾಗ ಸಾಲುವುದಿಲ್ಲ. ಹೀಗಾಗಿ ಎಲ್ಲರೂ ನಿಂತೇ ಇದ್ದೆವು. ಮಧ್ಯಾಹ್ನ ಹನ್ನೆರಡಕ್ಕೆ ಪಂದ್ಯ ಶುರು. ಹಿಮ ಸಣ್ಣಗೆ ಬೀಳುತ್ತಿತ್ತು.

ಒಹಾಯೋ ಸ್ಟೇಟ್ ಚೆಂಡೆಸೆಯುವುದರಲ್ಲಿ ಎತ್ತಿದ ಕೈ. ಅವತ್ತೂ ಅವರ ಕ್ವಾರ್ಟರ್‌ಬ್ಯಾಕ್ ಸಿ.ಜೆ. ಸ್ಟ್ರೌಡ್ 394 ಗಜ ಎಸೆದ. ಅರ್ಧ ಪಂದ್ಯಕ್ಕೆ ಮಿಷಿಗನ್ 14, ಅವರು 13. ನನಗಿನ್ನೂ ನಂಬಿಕೆ ಇರಲಿಲ್ಲ. ಹಿಂದೆಯೂ ಹೀಗೆ ಅರ್ಧದವರೆಗೆ ಜೊತೆಜೊತೆಗೆ ಬಂದು ಆಮೇಲೆ ಕೈಬಿಟ್ಟಿದ್ದನ್ನು ನೋಡಿದ್ದೆ. ಆದರೆ ಎರಡನೇ ಅರ್ಧದಲ್ಲಿ ಆಟದ ವರಸೆಯೇ ಬೇರೆಯಾಯಿತು. ಮಿಷಿಗನ್ ಚೆಂಡೆಸೆಯುವುದನ್ನು ಹೆಚ್ಚುಕಡಿಮೆ ನಿಲ್ಲಿಸಿತು. ಮುಂದಿನ ಸಾಲಿನ ಐದು ಜನ ದೈತ್ಯ ಹುಡುಗರು ಎದುರಾಳಿಯನ್ನು ತಳ್ಳಿ ದಾರಿ ಬಿಡಿಸುವುದು, ಹಸ್ಸನ್ ಹ್ಯಾಸ್ಕಿನ್ಸ್ ತಲೆ ತಗ್ಗಿಸಿ ನುಗ್ಗುವುದು. ನಾಲ್ಕು ಗಜ, ಐದು ಗಜ, ಮತ್ತೆ ಆರು. ಬರುವುದು ಏನು ಅಂತ ಇಡೀ ಕ್ರೀಡಾಂಗಣಕ್ಕೆ ಗೊತ್ತು. ಆದರೂ ತಡೆಯೋಕಾಗಲಿಲ್ಲ. ಎರಡನೇ ಅರ್ಧದ ನಾಲ್ಕೂ ಟಚ್‌ಡೌನ್ ಅವನದೇ, ಒಟ್ಟು ಐದು. ಆ ಕಡೆ ಏಡನ್ ಹಚಿನ್ಸನ್ ಸ್ಟ್ರೌಡ್‌ನನ್ನು ಮೂರು ಸಲ ಚೆಂಡಿನ ಸಮೇತ ಕೆಡವಿದ. ಈ ಹುಡುಗನ ಅಪ್ಪನೂ ಮಿಷಿಗನ್‌ಗೆ ಆಡಿದವರೇ. ಕೊನೆಗೆ 42-27.

ಇದು ಆ ಒಂದು ದಿನದ ಹುಮ್ಮಸ್ಸಿನಿಂದ ಆಗಿದ್ದಲ್ಲ. ಎಂಟು ಸೋಲಾದ ಮೇಲೆ ಮಿಷಿಗನ್ ತನ್ನನ್ನು ತಾನೇ ಬಿಚ್ಚಿ ಮತ್ತೆ ಜೋಡಿಸಿಕೊಂಡಿತ್ತು. ರಕ್ಷಣೆಯ ಆಟ ನೋಡಿಕೊಳ್ಳಲು ವೃತ್ತಿಪರ ತಂಡವಾದ ಬಾಲ್ಟಿಮೋರ್ ರೇವನ್ಸ್‌ನಿಂದ ಮೈಕ್ ಮ್ಯಾಕ್‌ಡೊನಾಲ್ಡ್ ಎಂಬ ಚಿಕ್ಕ ವಯಸ್ಸಿನ ಕೋಚ್ ಬಂದಿದ್ದರು. ಇಕ್ಕಟ್ಟಿನಲ್ಲಿ ನುಗ್ಗಿ ಓಡುವುದಕ್ಕೇ ಅಭ್ಯಾಸದಲ್ಲಿ ಬೇರೆ ಹೊತ್ತು ಇಟ್ಟು, ಅದಕ್ಕೆ ‘ಬೀಟ್ ಒಹಾಯೋ’ ಅಂತಲೇ ಹೆಸರಿಟ್ಟಿದ್ದರು. ನವೆಂಬರ್‌ನ ಒಂದು ಶನಿವಾರಕ್ಕಾಗಿ ತಿಂಗಳುಗಟ್ಟಲೆ ದುಡಿತ!

ಜನವೆಲ್ಲ ಮೈದಾನಕ್ಕೆ ಇಳಿದರು. ನಾನೂ ಕುಣಿಯುತ್ತಿದ್ದೆ. ಅಣ್ಣ ಬೆಂಚಿನ ಮೇಲೆ ಕೂತು ಫೋನಿನಲ್ಲಿ ಮಾತಾಡುತ್ತಿದ್ದ. ಮನೆಯಲ್ಲಿ ಟಿ.ವಿ. ನೋಡುತ್ತಿದ್ದ ಮಗಳು ಅಳುತ್ತಿದ್ದಳಂತೆ. “ಅಳ್ಬೇಡ ಪುಟ್ಟಾ, ಮುಂದಿನ ವರ್ಷ ನಮ್ಮೂರಲ್ಲೇ ಇದೆ” ಅಂತ ಸಮಾಧಾನ ಮಾಡುತ್ತಿದ್ದ. ಫೋನ್ ಇಟ್ಟು ನನ್ನ ಕಡೆ ತಿರುಗಿ, “ಇವತ್ತು ಅವಳೂ ಸೇರ್ಕೊಂಡ್ಳು ಕಣೋ” ಅಂದ. ಸೋತ ನೋವಿನಲ್ಲೂ ಅವನ ದನಿಯಲ್ಲಿ ಒಂದು ನೆಮ್ಮದಿ ಇತ್ತು.

ವಾಪಸ್ ಬರುವಾಗ ಕಾರಿನಲ್ಲಿ ಅವನೇ ಹಳೆಯದನ್ನೆಲ್ಲ ತೆಗೆದ. ಅವನ ಕಡೆಯವರೂ ಇಂಥ ಕಾಲ ಕಂಡವರೇ. 1988ರಿಂದ 2000ದವರೆಗೆ ಜಾನ್ ಕೂಪರ್ ಕೋಚ್ ಆಗಿದ್ದಾಗ ಒಹಾಯೋ ಸ್ಟೇಟ್ ಬೇರೆಯವರ ಮೇಲೆಲ್ಲ ಚೆನ್ನಾಗಿ ಗೆಲ್ಲುತ್ತಿತ್ತು. ಮಿಷಿಗನ್ ಎದುರು ಮಾತ್ರ ಎರಡು ಗೆಲುವು, ಹತ್ತು ಸೋಲು, ಒಂದು ಡ್ರಾ. ಕೊನೆಗೆ ಅವರ ಕೆಲಸ ಹೋಯಿತು. ಆಮೇಲೆ ಬಂದ ಜಿಮ್ ಟ್ರೆಸಲ್ 2001ರ ಜನವರಿಯಲ್ಲಿ ಬಾಸ್ಕೆಟ್‌ಬಾಲ್ ಪಂದ್ಯದ ನಡುವೆ ಮೈಕ್ ಹಿಡಿದು, ಆನ್ ಆರ್ಬರ್‌ಗೆ ಹೋಗೋಕೆ ಇನ್ನು 310 ದಿನ ಅಂತ ಲೆಕ್ಕ ಹೇಳಿದರು. ಆ ನವೆಂಬರ್‌ನಲ್ಲಿ 26-20ರಲ್ಲಿ ಗೆದ್ದೂ ಬಿಟ್ಟರು. ಮಿಷಿಗನ್‌ನ ಹೈಸ್ಮನ್ (ಕಾಲೇಜು ಫುಟ್‌ಬಾಲಿನ ಅತ್ಯುತ್ತಮ ಆಟಗಾರನಿಗೆ ಕೊಡುವ) ಪ್ರಶಸ್ತಿ ವಿಜೇತರಾದ ಡೆಸ್ಮಂಡ್ ಹವರ್ಡ್, ಚಾರ್ಲ್ಸ್ ವುಡ್ಸನ್ ಇಬ್ಬರೂ ಒಹಾಯೋದ ಹುಡುಗರೇ ಅನ್ನೋದು ಅಣ್ಣನಿಗೆ ಇನ್ನೊಂದು ಹೊಟ್ಟೆಯುರಿ. “ನಮ್ ಹುಡುಗ್ರನ್ನೇ ಕರ್ಕೊಂಡು ಹೋಗಿ ನಮ್ಮನ್ನೇ ಹೊಡೀತೀರಾ” ಅಂದ. ಪಂದ್ಯದ ವಾರ ಕೊಲಂಬಸ್ ಕ್ಯಾಂಪಸ್ಸಿನ ಬೋರ್ಡುಗಳಲ್ಲಿರುವ ‘ಎಂ’ ಅಕ್ಷರಕ್ಕೆಲ್ಲ ಕೆಂಪು ಟೇಪಿನಲ್ಲಿ ಅಡ್ಡಗೀಟು ಹಾಕುತ್ತಾರೆ. ಮಿಷಿಗನ್ನನ್ನು ಸೋಲಿಸಿದ ವರ್ಷ ತಂಡದ ಪ್ರತಿಯೊಬ್ಬರಿಗೂ ಚಡ್ಡಿಯ ಆಕಾರದ ಪುಟ್ಟ ಚಿನ್ನದ ಪದಕ ಕೊಡುತ್ತಾರೆ. ಈ ಪದ್ಧತಿ 1934ರಿಂದ ಬಂದಿದೆ. ಇನ್ನೊಂದು ಸಂಗತಿ ನನಗೆ ತುಂಬಾ ಇಷ್ಟ. 1982ರಿಂದ ಎರಡೂ ವಿಶ್ವವಿದ್ಯಾಲಯಗಳ ನಡುವೆ ರಕ್ತದಾನದಲ್ಲೂ ಸ್ಪರ್ಧೆ ಇದೆ. ಹೆಚ್ಚು ರಕ್ತ ಕೊಟ್ಟವರು ಗೆದ್ದ ಹಾಗೆ. ಓದುವ ಕಾಲದಲ್ಲಿ ಅಣ್ಣ ಅಲ್ಲಿ ಕೊಡುತ್ತಿದ್ದ, ನಾನು ಇಲ್ಲಿ ಕೊಡುತ್ತಿದ್ದೆ.

ನಮ್ಮಪ್ಪ 1974ರ ರಣಜಿ ಸೆಮಿಫೈನಲ್ ಬಗ್ಗೆ ಇದೇ ಥರ ಮಾತಾಡುತ್ತಿದ್ದರು. ಬಾಂಬೆ ಸತತ 15 ಸಲ ರಣಜಿ ಟ್ರೋಫಿ ಗೆದ್ದು ಬಂದಿತ್ತು. ಬೆಂಗಳೂರಿನಲ್ಲಿ ಪ್ರಸನ್ನ ಎಸೆತಕ್ಕೆ ಗಾವಸ್ಕರ್ ಬೌಲ್ಡ್ ಆದಾಗ ಎದ್ದ ಕೂಗು ಅವರ ಕಿವಿಯಲ್ಲಿ ಹಾಗೇ ಉಳಿದಿತ್ತು. ಆ ವರ್ಷ ಬಾಂಬೆಯನ್ನು ದಾಟಿ ಕರ್ನಾಟಕ ಮೊದಲ ಸಲ ಟ್ರೋಫಿ ಗೆದ್ದಿತು.

ಅಣ್ಣ ಗೆಲುವು ಸೋಲಿನ ಲೆಕ್ಕ ನೋಡುತ್ತಾನೆ. ನನಗೆ ಮುಖ್ಯ ಅನ್ನಿಸುವುದು ಸೋತವರು ಮರುದಿನ ಏನು ಮಾಡುತ್ತಾರೆ ಅನ್ನೋದು. ಒಂದು ತಂಡ ಸತತ ಎಂಟು ಸಲ ಗೆದ್ದರೂ ಪೈಪೋಟಿ ಸಾಯುವುದಿಲ್ಲ. ಸೋತವರು ‘ಅವರು ದೊಡ್ಡವರು ಬಿಡಿ’ ಅಂತ ಒಪ್ಪಿಕೊಂಡ ದಿನ ಅದು ಸಾಯುತ್ತದೆ. ಬಿಗ್ ಟೆನ್‌ನಲ್ಲೇ ಅಂಥ ಜೋಡಿಗಳು ಬೇಕಾದಷ್ಟಿವೆ. ಪ್ರತಿವರ್ಷ ಕಪ್ಪು, ಬಕೆಟ್ಟು ಅಂತ ಏನೋ ಒಂದು ಪಣಕ್ಕಿಡುತ್ತಾರೆ, ಆದರೆ ಆ ಪಂದ್ಯ ಸೋತರು ಅಂತ ಯಾರೂ ರಾತ್ರಿ ನಿದ್ದೆ ಬಿಡುವುದಿಲ್ಲ. ಮಿಷಿಗನ್, ಒಹಾಯೋ ಸ್ಟೇಟ್ ಎರಡಕ್ಕೂ ಸೋಲನ್ನು ತಿರುಗಿಸುವ ಶಕ್ತಿ ಇದೆ. ಎರಡೂ ಕಡೆ ದುಡ್ಡಿದೆ, ಲಕ್ಷ ಜನ ಕೂರುವ ಕ್ರೀಡಾಂಗಣ ಇದೆ, ಒಳ್ಳೆಯ ಹುಡುಗರು ಬರುತ್ತಾರೆ. ಆ ಶಕ್ತಿ ಇದ್ದೂ ಸೋತಾಗಲೇ ಹೆಚ್ಚು ಉರಿಯುವುದು.

2021ರ ಆ ಸೋಲಾದ ಮೇಲೆ ಒಹಾಯೋ ಸ್ಟೇಟ್ ರಕ್ಷಣೆಯ ಆಟ ಸರಿಮಾಡಲು ಜಿಮ್ ನೋಲ್ಸ್ ಅವರನ್ನು ಕರೆತಂದಿತು. ಆದರೂ 2022ರಲ್ಲಿ, ಎರಡೂ ತಂಡ ಒಂದೂ ಸೋಲದೆ ಎದುರಾದಾಗ, ಕೊಲಂಬಸ್‌ನಲ್ಲೇ 45-23ರಲ್ಲಿ ಸೋತಿತು. 2023ರಲ್ಲಿ 30-24. ಆ ವರ್ಷ ಮಿಷಿಗನ್ ಮೇಲೆ ಎದುರಾಳಿಗಳು ಮುಂದಿನ ಆಟ ತಿಳಿಸಲು ಮಾಡುವ ಸನ್ನೆ ಕದ್ದ ಆರೋಪ ಬಂದು, ಹಾರ್ಬಾ ಅಮಾನತಿನಲ್ಲಿದ್ದರು. ಅಣ್ಣ ಆ ಗೆಲುವನ್ನು ಇವತ್ತಿಗೂ ಒಪ್ಪುವುದಿಲ್ಲ. ನನ್ನ ಕಾಲೇಜೇ ಆದರೂ ಆ ವಿಷಯದಲ್ಲಿ ನನಗೂ ನೋವಿದೆ. ಇಂಥ ಪಂದ್ಯವನ್ನು ಗೆದ್ದರೆ ಯಾರೂ ಬೆರಳು ತೋರಿಸದ ಹಾಗೆ ಗೆಲ್ಲಬೇಕು.

2024ರದ್ದು ಎಲ್ಲಕ್ಕಿಂತ ವಿಚಿತ್ರ. ಆ ಸಲ ಮಿಷಿಗನ್ ಬಡ ತಂಡ. ಗೆಲ್ಲುತ್ತದೆ ಅಂತ ನಾನೇ ಅಂದುಕೊಂಡಿರಲಿಲ್ಲ. 13-10ರಲ್ಲಿ ಕೊಲಂಬಸ್‌ನಲ್ಲಿ ಗೆದ್ದಿತು. ಪಂದ್ಯ ಮುಗಿದಮೇಲೆ ಮಿಷಿಗನ್ ಆಟಗಾರರು ಮೈದಾನದ ನಡುವೆ ತಮ್ಮ ಬಾವುಟ ಊರಲು ಹೋಗಿ ಹೊಡೆದಾಟವಾಯಿತು. ಪೊಲೀಸರು ಪೆಪ್ಪರ್ ಸ್ಪ್ರೇ ಹೊಡೆಯಬೇಕಾಯಿತು. ಅದನ್ನು ನಾನು ಪೈಪೋಟಿ ಅನ್ನಲಾರೆ. ಆದರೆ ದೇಶದ ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್‌ಗೆ ಆ ವರ್ಷದಿಂದ 12 ತಂಡಗಳಿಗೆ ಅವಕಾಶ ಸಿಕ್ಕಿತ್ತು. ಹೀಗಾಗಿ ಸೋತ ಒಹಾಯೋ ಸ್ಟೇಟ್ ಮುಂದೆ ಹೋಗಿ ಜನವರಿಯಲ್ಲಿ ನೋಟ್ರ್ ಡೇಮ್ ತಂಡವನ್ನು 34-23ರಲ್ಲಿ ಸೋಲಿಸಿ ದೇಶಕ್ಕೇ ಚಾಂಪಿಯನ್ ಆಯಿತು. 1973ರಲ್ಲಿ ಡ್ರಾ ಮಾಡಿಕೊಂಡ ಮಿಷಿಗನ್‌ಗೂ ಮುಂದೆ ದಾರಿ ಇರಲಿಲ್ಲ. ಈಗ ಸೋತವರಿಗೂ ಇದೆ. ಈ ಬದಲಾವಣೆ ನನಗೆ ಸ್ವಲ್ಪ ಹೆದರಿಕೆ ಹುಟ್ಟಿಸುತ್ತದೆ. ಏನೂ ಕಳೆದುಕೊಳ್ಳದ ಪಂದ್ಯಕ್ಕೆ ಯಾರು ವರ್ಷವಿಡೀ ದುಡಿಯುತ್ತಾರೆ?

ಚಾಂಪಿಯನ್ ಆದ ರಾತ್ರಿ ಅಣ್ಣನಿಗೆ ಫೋನ್ ಮಾಡಿ ಶುಭಾಶಯ ಹೇಳಿದೆ. ಖುಷಿಯಾಗಿದ್ದ. ಸ್ವಲ್ಪ ಹೊತ್ತಾದ ಮೇಲೆ, “ಎಲ್ಲಾ ಸರಿ ಕಣೋ, ನವೆಂಬರ್‌ದು ಮಾತ್ರ ಇನ್ನೂ ಗಂಟಲಲ್ಲೇ ಇದೆ” ಅಂದ. ಹಿಂದಿನಿಂದ ಮಗಳ ದನಿ ಕೇಳಿಸಿತು, ಮುಂದಿನ ಸಲ ಆನ್ ಆರ್ಬರ್‌ಗೆ ತಾನೂ ಬರುತ್ತೇನೆ ಅಂತ. 2025ರ ನವೆಂಬರ್‌ನಲ್ಲಿ ಬಂದಳು. ಒಹಾಯೋ ಸ್ಟೇಟ್ 27-9ರಲ್ಲಿ ಗೆದ್ದಿತು. ಅಪ್ಪನಿಗಿಂತ ಜೋರಾಗಿ ಕೂಗಿದವಳು ಅವಳೇ. 2026ರ ಪಂದ್ಯ ಕೊಲಂಬಸ್‌ನಲ್ಲಿ. ಆನ್ ಆರ್ಬರ್‌ನಿಂದ ಹೊರಡುವಾಗ ಅವಳು ನನ್ನ ಮಗನಿಗೆ ಆ ರಕ್ತದಾನದ ಸ್ಪರ್ಧೆ ಬಗ್ಗೆ ಹೇಳುತ್ತಿದ್ದಳು. ಅದರಲ್ಲಿ ರಕ್ತ ಕೊಡೋಕೆ ಎಷ್ಟು ವಯಸ್ಸಾಗಿರಬೇಕು ಅಂತ ಅವನು ಆಗಲೇ ವಿಚಾರಿಸುತ್ತಿದ್ದ.